ರೇಡಿಯೇಟರ್ ಫ್ಯಾನ್‌ಗೆ ಕೈಸ್ವಿಚ್: ಡೈರೆಕ್ಟ್, ಪ್ಯಾರಲಲ್, ರಿಲೇ ಇವುಗಳಲ್ಲಿ ಯಾವುದು ಯಾವ ಕಾರಿಗೆ?

"ಸಾರ್, ಫ್ಯಾನ್ ಡೈರೆಕ್ಟ್ ಮಾಡ್ಬಿಡ್ಲಾ?" ಹಳೇ ಕಾರು ಇಟ್ಟುಕೊಂಡವರಲ್ಲಿ ಈ ಮಾತು ಕೇಳದವರು ಕಡಿಮೆ. ಗಾಡಿ ಹೀಟ್ ಆಗಿದೆ, ರೇಡಿಯೇಟರ್ ಫ್ಯಾನ್ ಹಿಡಿಯುತ್ತಿಲ್ಲ, ಗ್ಯಾರೇಜಿನವನ ಕೈಯಲ್ಲಿ ನಾಲ್ಕಡಿ ವೈರು ಇದೆ. ಕೀ ಆನ್ ಮಾಡಿದ ಕೂಡಲೇ ಫ್ಯಾನ್ ತಿರುಗುವ ಹಾಗೆ ಹತ್ತೇ ನಿಮಿಷದಲ್ಲಿ ಮಾಡಿ ಕಳಿಸುತ್ತಾನೆ. ಇನ್ನಷ್ಟು ಮುತುವರ್ಜಿ ಇರುವವನಾದರೆ ಡ್ಯಾಶ್‌ಬೋರ್ಡಿನ ಕೆಳಗೊಂದು ಸ್ವಿಚ್ ಕೂರಿಸಿ, "ಟ್ರಾಫಿಕ್ಕಲ್ಲಿ ಹಾಕ್ಕೊಳ್ಳಿ, ಹೈವೇನಲ್ಲಿ ಆಫ್ ಮಾಡ್ಕೊಳ್ಳಿ" ಅನ್ನುತ್ತಾನೆ.

ನಮ್ಮಪ್ಪನ 1996ರ ಮಾರುತಿ 800ಕ್ಕೆ ಹೀಗೇ ಒಂದು ಸ್ವಿಚ್ ಕೂತಿತ್ತು. ಗುಂಡ್ಯದಿಂದ ಸಕಲೇಶಪುರದ ಕಡೆಗೆ ಶಿರಾಡಿ ಘಾಟಿ ಹತ್ತುತ್ತಿದ್ದೆವು. ಮುಂದೆ ಟ್ಯಾಂಕರುಗಳ ಸಾಲು, ನಮ್ಮದು ಒಂದನೇ ಗೇರು, ಎರಡನೇ ಗೇರು, ಮತ್ತೆ ಒಂದನೇ ಗೇರು. ಮೊದಲು ಬಂದದ್ದು ವಾಸನೆ. ಯಾವುದೋ ಲಾರಿಯ ಕ್ಲಚ್ ಪ್ಲೇಟಿನದು ಅಂದುಕೊಂಡು ಗಾಜು ಏರಿಸಿದೆವು. ವಾಸನೆ ಇನ್ನೂ ಜೋರಾಯಿತು. ಸ್ವಿಚ್ ಮುಟ್ಟಿದರೆ ಬೆರಳು ಚುರುಕ್ ಅಂತು, ಗುಂಡಿ ಒಳಕ್ಕೆ ಕುಸಿದು ಅಂಟಿಕೊಂಡಿತ್ತು. ಪಕ್ಕಕ್ಕೆ ಹಾಕಿ, ಕೀ ತೆಗೆದು, ಸ್ವಿಚ್ಚನ್ನು ಕೆಳಗಿನಿಂದ ಎಳೆದು ನೋಡಿದೆ. ಹಿಂಬದಿಯ ಬಿಳಿ ಪ್ಲಾಸ್ಟಿಕ್ಕು ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಒಂದು ಸ್ಕ್ರೂವಿನ ಬುಡದಲ್ಲಿ ವೈರಿನ ಸಿಪ್ಪೆ ಅರ್ಧ ಇಂಚು ಸುಟ್ಟು, ಒಳಗಿನ ತಾಮ್ರ ಕಪ್ಪಾಗಿತ್ತು. ಅದು ಮನೆಯ ಬಲ್ಬಿಗೆ ಹಾಕುವ ಸ್ವಿಚ್ಚು.

ಹಾಗಂತ ಕೈಸ್ವಿಚ್ಚೇ ಬೇಡ ಎನ್ನುವವನು ನಾನಲ್ಲ. ಇವತ್ತಿಗೂ ಅದೇ ಕಾರಿನಲ್ಲಿ ಒಂದಿದೆ, ಆದರೆ ಬೇರೆ ರೀತಿಯಲ್ಲಿ ಜೋಡಿಸಿದ್ದು. ಕೈಸ್ವಿಚ್ ಹಾಕುವ ದಾರಿಗಳು ನಾಲ್ಕೈದು ಇವೆ. ಮೇಲ್ನೋಟಕ್ಕೆ ಎಲ್ಲದರ ಫಲವೂ ಒಂದೇ: ಸ್ವಿಚ್ ಹಾಕಿದರೆ ಫ್ಯಾನ್ ತಿರುಗುತ್ತದೆ. ವ್ಯತ್ಯಾಸ ಗೊತ್ತಾಗುವುದು ಸ್ವಿಚ್ ಕೆಟ್ಟ ದಿನ, ಅಥವಾ ನೀವು ಸ್ವಿಚ್ ಹಾಕುವುದನ್ನು ಮರೆತ ದಿನ. ನಾನು ಆರಿಸುವುದು ಆ ದಿನದ ಲೆಕ್ಕದಲ್ಲಿ.

ಸ್ವಿಚ್ ನಿಜವಾಗಿ ಬೇಕಾ?

ಅಂಬಾಸಿಡರ್, ಪದ್ಮಿನಿಗಳ ಕಾಲದಲ್ಲಿ ಈ ತಲೆನೋವು ಇರಲಿಲ್ಲ. ಎಂಜಿನ್ ಉದ್ದುದ್ದ ಕೂತಿರುತ್ತಿತ್ತು, ಫ್ಯಾನ್ ಬೆಲ್ಟಿಗೆ ಸಿಕ್ಕಿಕೊಂಡು ಎಂಜಿನ್ ಜೊತೆಗೇ ತಿರುಗುತ್ತಿತ್ತು. 1983ರಲ್ಲಿ ಮಾರುತಿ 800 ಬಂತು. ಅದರ ಎಂಜಿನ್ ಅಡ್ಡಡ್ಡ, ಪುಲ್ಲಿಯ ಮುಖ ಚಕ್ರದ ಕಡೆಗೆ, ರೇಡಿಯೇಟರ್ ಮಾತ್ರ ಮುಂದಕ್ಕೆ. ಆ ಪುಲ್ಲಿಯಿಂದ ಬೆಲ್ಟ್ ಹಾಕಿ ಮುಂದಿನ ಫ್ಯಾನ್ ತಿರುಗಿಸುವುದು ಆಗುವ ಮಾತಲ್ಲ. ಹಾಗಾಗಿ ಫ್ಯಾನಿಗೆ ಅದರದೇ ಮೋಟಾರು ಬಂತು. ಮೋಟಾರಿಗೆ ಯಾವಾಗ ತಿರುಗಬೇಕು ಅಂತ ಹೇಳುವುದಕ್ಕೆ ಥರ್ಮೋ ಸ್ವಿಚ್ ಬಂತು. ಬಿಡಿಭಾಗದ ಅಂಗಡಿಯಲ್ಲಿ ಇದನ್ನು "ಫ್ಯಾನ್ ಸ್ವಿಚ್" ಅಂತಲೇ ಕೇಳುತ್ತಾರೆ.

ಇದರ ಕೆಲಸ ಸರಳ. ಎಂಜಿನ್ ಒಳಗಿನ ಥರ್ಮೋಸ್ಟಾಟ್ ವಾಲ್ವ್ ಸುಮಾರು 82ರಿಂದ 88 ಡಿಗ್ರಿಗೆ ತೆರೆಯತೊಡಗಿ ಕೂಲೆಂಟನ್ನು ರೇಡಿಯೇಟರಿಗೆ ಬಿಡುತ್ತದೆ. ಅಷ್ಟಾದರೂ ಬಿಸಿ ಏರುತ್ತಲೇ ಇದ್ದರೆ, 95 ಡಿಗ್ರಿಯ ಆಸುಪಾಸಿನಲ್ಲಿ ಥರ್ಮೋ ಸ್ವಿಚ್ ಕೂಡಿಕೊಂಡು ಫ್ಯಾನ್ ಹಿಡಿಯುತ್ತದೆ. ಐದಾರು ಡಿಗ್ರಿ ಇಳಿದ ಮೇಲೆ ಬಿಡುತ್ತದೆ. ರಸ್ತೆ ಖಾಲಿಯಿದ್ದು ಐವತ್ತು ಅರವತ್ತರಲ್ಲಿ ಹೋಗುತ್ತಿದ್ದರೆ ಎದುರುಗಾಳಿಯೇ ಸಾಕು, ಫ್ಯಾನಿಗೆ ಕೆಲಸವಿಲ್ಲ. ಫ್ಯಾನ್ ಬೇಕಾಗುವುದು ಸಿಲ್ಕ್ ಬೋರ್ಡ್ ಸಿಗ್ನಲ್ಲಿನಂಥ ಕಡೆ, ಘಾಟಿಯಲ್ಲಿ ಲಾರಿ ಹಿಂದೆ ತೆವಳುವಾಗ, ನಿಂತು ಎಸಿ ಓಡಿಸುವಾಗ.

ಆದ್ದರಿಂದ ಸ್ವಿಚ್ ಹಾಕಿಸುವ ಮೊದಲು ಫ್ಯಾನ್ ಯಾಕೆ ಹಿಡಿಯುತ್ತಿಲ್ಲ ಎಂದು ಅರ್ಧ ಗಂಟೆ ನೋಡಿ. ಫ್ಯೂಸ್ ಹೋಗಿರಬಹುದು. ಮೋಟಾರಿನ ಬ್ರಶ್ ಸವೆದಿರಬಹುದು. ಆಗ ಒಂದು ಕಡ್ಡಿಯಿಂದ ರೆಕ್ಕೆ ತಳ್ಳಿದರೆ ತಿರುಗಲು ಶುರುವಾಗುತ್ತದೆ (ಬೆರಳಿನಿಂದ ಬೇಡ, ದಯವಿಟ್ಟು). ಕೂಲೆಂಟ್ ಇಳಿದು ಥರ್ಮೋ ಸ್ವಿಚ್ಚಿನ ಮೂತಿ ನೀರಿಗೆ ತಾಗದೆ ಗಾಳಿಯಲ್ಲಿ ನಿಂತಿರಬಹುದು. ಎಂಜಿನ್ ಕುದಿಯುತ್ತಿದ್ದರೂ ಅದಕ್ಕೆ ತಿಳಿಯುವುದಿಲ್ಲ. ನಮ್ಮ ಕಾರಿನ ಅಸಲಿ ರೋಗ ಏನಿತ್ತು ಗೊತ್ತೇ? ಕಾರಿನ ಬಾಡಿಗೆ, ಅಂದರೆ ಲೋಹದ ಮೈಗೆ, ಕೂತಿದ್ದ ಅರ್ಥ್ ಬೋಲ್ಟು; ಕರೆಂಟು ಬ್ಯಾಟರಿ ಮೈನಸ್‌ಗೆ ವಾಪಸ್ ಹೋಗುವ ದಾರಿ. ತುಕ್ಕಿನ ಪದರದ ಮೇಲೆ ಬಿಗಿದಿದ್ದರು. ಸ್ಯಾಂಡ್ ಪೇಪರ್ ಹಾಕಿ ಉಜ್ಜಿ ಬಿಗಿದ ಮೇಲೆ ಕಂಪನಿಯ ಫ್ಯಾನ್ ಸ್ವಿಚ್ಚೇ ಕೆಲಸ ಶುರು ಮಾಡಿತು. ಅಷ್ಟೂ ವರ್ಷ ಮನೆ ಸ್ವಿಚ್ಚೊಂದು ಆ ತುಕ್ಕಿನ ಬದಲಿಗೆ ದುಡಿದಿತ್ತು.

ಇದೆಲ್ಲ ಸರಿಯಾಗಿದ್ದೂ ಕೈಸ್ವಿಚ್ ಬೇಕು ಅನ್ನಿಸಿದರೆ ತಪ್ಪೇನಲ್ಲ. ಥರ್ಮೋ ಸ್ವಿಚ್ ಹೇಳದೆ ಕೇಳದೆ ಸಾಯುವ ವಸ್ತು. ಸತ್ತ ದಿನ ಊರು ಮೂವತ್ತು ಕಿಲೋಮೀಟರ್ ದೂರವಿದ್ದರೆ ಡ್ಯಾಶ್‌ಬೋರ್ಡಿನ ಸ್ವಿಚ್ಚು ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ತಲೆಗೂ ಬ್ಲಾಕಿಗೂ ನಡುವಿನ ಪದರ) ಉಳಿಸುತ್ತದೆ.

ಒಂದು: "ಡೈರೆಕ್ಟ್"

ಕೀ ಹಾಕಿದರೆ ಫ್ಯಾನ್, ಕೀ ತೆಗೆದರೆ ಇಲ್ಲ. ಮರೆಯುವ ಪ್ರಶ್ನೆಯೇ ಇಲ್ಲ ಅನ್ನುವುದೊಂದೇ ಇದರ ಗುಣ. ಆ ಒಂದು ಗುಣಕ್ಕಾಗಿ, ತುರ್ತಿಗೆ, ಮನೆ ತಲುಪುವ ತನಕ ನಾನೂ ಒಪ್ಪುತ್ತೇನೆ. ಆಮೇಲೆ ಬೇಡ. ಮೋಟಾರು ಇಡೀ ದಿನ ಓಡಿ ಬ್ರಶ್ ಬೇಗ ಸವೆಯುತ್ತದೆ. ಮಳೆಗಾಲದ ರಾತ್ರಿ ಹೆಡ್‌ಲೈಟು, ವೈಪರು, ಬ್ಲೋವರುಗಳ ಜೊತೆ ಈ ಹತ್ತು ಆಂಪಿಯರ್ ಕೂಡ ಆಲ್ಟರ್ನೇಟರಿನ ತಲೆ ಮೇಲೆ ಕೂರುತ್ತದೆ.

"ಎಂಜಿನ್ ಓವರ್ ಕೂಲ್ ಆಗುತ್ತೆ" ಅನ್ನುವ ಆಕ್ಷೇಪ ಅರ್ಧ ಸತ್ಯ. ಥರ್ಮೋಸ್ಟಾಟ್ ವಾಲ್ವ್ ಸರಿಯಾಗಿದ್ದರೆ ಫ್ಯಾನ್ ಎಷ್ಟೇ ಓಡಿದರೂ ವಾಲ್ವ್ ತನ್ನ ಡಿಗ್ರಿಗಿಂತ ಕೆಳಗೆ ನೀರು ಬಿಡುವುದಿಲ್ಲ, ಎಂಜಿನ್ ಅಷ್ಟಾಗಿ ತಣ್ಣಗಾಗುವುದಿಲ್ಲ. ಆದರೆ ಫ್ಯಾನ್ ಡೈರೆಕ್ಟ್ ಮಾಡುವ ಕೈಯೇ ಸಾಮಾನ್ಯವಾಗಿ ವಾಲ್ವನ್ನೂ ಕಿತ್ತು ಬಿಸಾಡಿರುತ್ತದೆ. ಎರಡೂ ಸೇರಿದರೆ ಎಂಜಿನ್ ಬೆಚ್ಚಗಾಗುವುದೇ ಇಲ್ಲ, ಮೈಲೇಜ್ ಬೀಳುತ್ತದೆ, ಚಳಿಗಾಲದ ಬೆಳಿಗ್ಗೆ ಚೋಕ್ ಎಳೆದುಕೊಂಡೇ ಓಡಿಸಬೇಕು.

ಎರಡು: ಪೂರ್ತಿ ಕರೆಂಟು ಸ್ವಿಚ್ಚಿನೊಳಗೆ

ನಮ್ಮ ಕಾರಿನಲ್ಲಿ ಇದ್ದದ್ದು ಇದು. ಬ್ಯಾಟರಿಯಿಂದ ವೈರು ಒಳಗೆ ಬಂತು, ಸ್ವಿಚ್ ಮುಟ್ಟಿತು, ವಾಪಸ್ ಫ್ಯಾನಿಗೆ ಹೋಯಿತು. ಎಲ್ಲಕ್ಕಿಂತ ಅಗ್ಗ, ಎಲ್ಲಕ್ಕಿಂತ ಕೆಟ್ಟದ್ದು. ಬೆಲೆಗಾಗಿಯೇ ಹೆಚ್ಚು ಜನ ಇದನ್ನೇ ಮಾಡಿಸುವುದರಿಂದ ಲೆಕ್ಕ ಬಿಡಿಸಿ ತೋರಿಸುತ್ತೇನೆ.

ಸಣ್ಣ ಕಾರಿನ ಫ್ಯಾನ್ ಓಡುವಾಗ ಸುಮಾರು ಹತ್ತು ಆಂಪಿಯರ್ ಎಳೆಯುತ್ತದೆ ಅಂದುಕೊಳ್ಳಿ. ಶುರುವಾಗುವ ಕ್ಷಣದಲ್ಲಿ ಅದರ ಎರಡು ಮೂರು ಪಟ್ಟು. ಹೋಗಿ ಬರುವ ದಾರಿ ನಾಲ್ಕು ಮೀಟರ್ ಆಗುತ್ತದೆ. 1 ಚದರ ಮಿಲಿಮೀಟರ್ ತಾಮ್ರದ ವೈರಿನ ರೆಸಿಸ್ಟೆನ್ಸ್ ಮೀಟರಿಗೆ ಸುಮಾರು 0.02 ಓಮ್. ನಾಲ್ಕು ಮೀಟರಿಗೆ 0.08 ಓಮ್, ಹತ್ತು ಆಂಪಿಯರಿಗೆ 0.8 ವೋಲ್ಟ್ ವೈರಿನಲ್ಲೇ ಖರ್ಚು. ಫ್ಯಾನ್ ಅಷ್ಟು ನಿಧಾನವಾಗಿ ತಿರುಗುತ್ತದೆ, ಗಾಳಿ ಅಷ್ಟು ಕಡಿಮೆ. ಇದನ್ನು ಸಹಿಸಬಹುದು. ಸಹಿಸಲಾಗದ್ದು ಸಡಿಲ ಜಾಯಿಂಟು. ಸ್ಕ್ರೂ ಬುಡದಲ್ಲಿ 0.1 ಓಮ್ ಇದ್ದರೂ ಸಾಕು, ಹತ್ತು ಆಂಪಿಯರಿಗೆ ಅಲ್ಲಿ ಹತ್ತು ವ್ಯಾಟ್ ಬಿಸಿ ಹುಟ್ಟುತ್ತದೆ. ಮೊಬೈಲ್ ರಿಪೇರಿಯವನ 25 ವ್ಯಾಟಿನ ಸೋಲ್ಡರಿಂಗ್ ಐರನ್ನು ಸೀಸ ಕರಗಿಸುತ್ತದೆ. ಅದರ ಅರ್ಧಕ್ಕೆ ಹತ್ತಿರದ ಬಿಸಿ ಕಡಲೆಕಾಳಿನಷ್ಟು ಜಾಗದಲ್ಲಿ, ಪ್ಲಾಸ್ಟಿಕ್ಕಿನ ಮಧ್ಯೆ, ನಿಮ್ಮ ಮೊಣಕಾಲಿನ ಹತ್ತಿರ ಕೂತಿದೆ.

"ಸ್ವಿಚ್ ಮೇಲೆ 6 ಆಂಪಿಯರ್, 240 ವೋಲ್ಟ್ ಅಂತ ಇದೆಯಲ್ಲ, 12 ವೋಲ್ಟ್ ಯಾವ ಲೆಕ್ಕ?" ಅಂತ ಕೇಳುವವರಿದ್ದಾರೆ. ಮನೆಯ ಕರೆಂಟು ದಿಕ್ಕು ಬದಲಿಸುತ್ತಲೇ ಇರುವ ಎಸಿ, ಸೆಕೆಂಡಿಗೆ ನೂರು ಸಲ ಸೊನ್ನೆಗೆ ಬರುತ್ತದೆ, ಸ್ವಿಚ್ ಬಿಡಿಸುವಾಗ ಹುಟ್ಟಿದ ಕಿಡಿ ಅಲ್ಲೇ ಆರುತ್ತದೆ. ಒಂದೇ ದಿಕ್ಕಿಗೆ ಹರಿಯುವ ಬ್ಯಾಟರಿಯ ಡಿಸಿ ಕರೆಂಟಿಗೆ ಆ ಬಿಡುವಿಲ್ಲ. ಅದರಲ್ಲೂ ಮೋಟಾರು ಬಿಡಿಸುವಾಗ ಕಿಡಿ ಎಳೆದುಕೊಂಡೇ ಹೋಗಿ ಮೂತಿ ಸುಡುತ್ತದೆ. ಇನ್ನು ಆಂಪಿಯರ್ ಲೆಕ್ಕ ವೋಲ್ಟ್ ಕಡಿಮೆಯಾದ ಮಾತ್ರಕ್ಕೆ ಕಡಿಮೆಯಾಗುವುದಿಲ್ಲ. ಹತ್ತು ಅಂದರೆ ಹತ್ತೇ.

ಅಗತ್ಯಬಿದ್ದರೆ 20 ಆಂಪಿಯರಿನ ಡಿಸಿ ಸ್ವಿಚ್ಚು, 2.5 ಚದರ ಮಿಲಿಮೀಟರ್ ವೈರು, ಬ್ಯಾಟರಿ ಬುಡದಲ್ಲೇ ಫ್ಯೂಸು ಹಾಕಿ ಇದನ್ನೂ ಮರ್ಯಾದೆಯಿಂದ ಮಾಡಬಹುದು. ಆದರೆ ಅಷ್ಟು ಖರ್ಚು ಮಾಡುವವರು ರಿಲೇ (ಸಣ್ಣ ಕರೆಂಟು ಕೊಟ್ಟರೆ ದೊಡ್ಡ ಕರೆಂಟನ್ನು ತಾನು ಹಾಕಿ ತೆಗೆಯುವ ಸ್ವಿಚ್ಚು) ಹಾಕಬಾರದೇ?

ಮೂರು: ಥರ್ಮೋ ಸ್ವಿಚ್ಚಿಗೆ ಪ್ಯಾರಲಲ್

ಕಾರ್ಬ್ಯುರೇಟರ್ ಕಾಲದ ಕಾರುಗಳಿಗೆ, ಅಂದರೆ ಥರ್ಮೋ ಸ್ವಿಚ್ ಇನ್ನೂ ಸ್ವಿಚ್ಚಾಗಿಯೇ ಉಳಿದಿರುವ ಕಾರುಗಳಿಗೆ, ನನ್ನ ಮೊದಲ ಓಟು ಇದಕ್ಕೆ. ಥರ್ಮೋ ಸ್ವಿಚ್ ಮಾಡುವ ಕೆಲಸ ಎರಡು ತುದಿ ಕೂಡಿಸುವುದು. ನಿಮ್ಮ ಸ್ವಿಚ್ಚೂ ಅವೇ ಎರಡು ತುದಿಗಳನ್ನು ಕೂಡಿಸಲಿ. ಯಾವುದನ್ನೂ ಕತ್ತರಿಸಬೇಕಾಗಿಲ್ಲ. ಕೈಸ್ವಿಚ್ ಆಫ್ ಇದ್ದಾಗ ಕಾರು ಕಂಪನಿಯಿಂದ ಬಂದ ಹಾಗೇ ಇರುತ್ತದೆ. ಮರೆತರೂ ಆಟೋಮ್ಯಾಟಿಕ್ ತನ್ನ ಪಾಡಿಗೆ ದುಡಿಯುತ್ತದೆ. ಕೈಸ್ವಿಚ್ ಕೆಟ್ಟರೂ ಅಷ್ಟೇ.

ಜಾಗ್ರತೆ ಎರಡು ಕಡೆ ಬೇಕು. ಮೊದಲನೆಯದು, ಅದು ನಿಜಕ್ಕೂ ಸ್ವಿಚ್ಚೇ, ಸೆನ್ಸರಲ್ಲವೇ ಎಂದು ನೋಡುವುದು. ಎಂಜಿನ್ ಪೂರ್ತಿ ತಣ್ಣಗಿರುವಾಗ ಕಪ್ಲರ್ (ವೈರು ಸಿಕ್ಕಿಸುವ ಪ್ಲಗ್ಗು) ಬಿಚ್ಚಿ ಮಲ್ಟಿಮೀಟರಿನಲ್ಲಿ ಓಮ್ ಅಳೆಯಿರಿ. ಎರಡು ತುದಿ ಕೂಡಿಯೇ ಇಲ್ಲ (OL) ಎಂದು ಮೀಟರ್ ತೋರಿಸಿದರೆ ಸ್ವಿಚ್ಚು. ಎರಡು ಮೂರು ಕಿಲೋ ಓಮ್ ತೋರಿಸಿದರೆ ಅದು ಇಸಿಯುಗೆ (ಎಂಜಿನ್ ನಡೆಸುವ ಕಂಪ್ಯೂಟರಿಗೆ) ಉಷ್ಣತೆ ಹೇಳುವ ಸೆನ್ಸರು. ಅದರ ತಂಟೆಗೆ ಹೋಗಬೇಡಿ, ಅಲ್ಲಿ ಕೈಸ್ವಿಚ್ ಹಾಕಿದರೆ ಇಸಿಯುಗೆ ಸುಳ್ಳು ಹೇಳಿದ ಹಾಗೆ.

ಸ್ವಿಚ್ಚೇ ಆಗಿದ್ದರೆ ವೈರು ಎಷ್ಟು ಎಂದು ಎಣಿಸಿ. ಒಂದೇ ವೈರಿದ್ದರೆ ಅದು ತನ್ನ ಮೈಯಿಂದಲೇ ಅರ್ಥ್ ಪಡೆಯುವ ಜಾತಿ. ಕೀ ಆನ್ ಮಾಡಿ ಆ ವೈರನ್ನು ಬಾಡಿಗೆ ಮುಟ್ಟಿಸಿದರೆ ಫ್ಯಾನ್ ತಿರುಗಬೇಕು. ಎರಡು ವೈರಿದ್ದರೆ ಬಾಡಿಗೆ ಮುಟ್ಟಿಸಿ ಪರೀಕ್ಷೆ ಮಾಡಬೇಡಿ. ಅದರಲ್ಲಿ ಒಂದು ಮೇನ್ (ಬ್ಯಾಟರಿ ಪ್ಲಸ್) ಕರೆಂಟಿನದಾಗಿದ್ದರೆ ಫ್ಯೂಸ್ ಹಾರುತ್ತದೆ. ಕಪ್ಲರಿನ ಎರಡೂ ಕಿಂಡಿಗೆ ಒಂದು ತುಂಡು ವೈರು ಹಾಕಿ ಪರಸ್ಪರ ಕೂಡಿಸಿ. ಅರ್ಥ್ ಕಡೆಯದೋ ಮೇನ್ ಕಡೆಯದೋ ಎನ್ನುವ ತಲೆಬಿಸಿಯೇ ಇಲ್ಲ, ಫ್ಯಾನ್ ತಿರುಗಲೇಬೇಕು. ಮೂರು ವೈರಿದ್ದರೆ ಎರಡು ವೇಗದ ಫ್ಯಾನು. ನಿಮ್ಮ ಕಾರಿನ ವೈರಿಂಗ್ ಚಿತ್ರ ನೋಡದೆ ಮುಂದುವರಿಯಬೇಡಿ.

ಎರಡನೆಯದು, ಆ ದಾರಿಯಲ್ಲಿ ಎಷ್ಟು ಕರೆಂಟು ಹೋಗುತ್ತದೆ ಎನ್ನುವುದು. ಕೆಲವು ಕಾರುಗಳಲ್ಲಿ ಥರ್ಮೋ ಸ್ವಿಚ್ ಬರೀ ರಿಲೇಯನ್ನು ಎಬ್ಬಿಸುತ್ತದೆ. ಕೆಲವದರಲ್ಲಿ ಫ್ಯಾನಿನ ಪೂರ್ತಿ ಹೊರೆಯನ್ನು ತಾನೇ ಹೊರುತ್ತದೆ. ಮೀಟರನ್ನು 10 ಆಂಪಿಯರ್ ಕಿಂಡಿಗೆ ಹಾಕಿ, ತುಂಡು ವೈರಿನ ಜಾಗದಲ್ಲಿ ಎರಡು ಸೆಕೆಂಡು ಹಿಡಿದರೆ ತಿಳಿಯುತ್ತದೆ. ಮುಳ್ಳು 0.2ರ ಒಳಗಿದ್ದರೆ ರಿಲೇ ಇದೆ. ಸಪೂರ ವೈರು, ಸಣ್ಣ ಸ್ವಿಚ್ಚು ಸಾಕು, ಕೆಲಸ ಮುಗಿದ ಹಾಗೆ. ಸಾಧಾರಣ ಮೀಟರಿನ ಒಳ ಫ್ಯೂಸ್ ಹಾರಿದರೆ ಅದೂ ಉತ್ತರವೇ: ರಿಲೇ ಇಲ್ಲ. ಆಗ ನಾಲ್ಕನೆಯದಕ್ಕೆ ಬನ್ನಿ.

ನಾಲ್ಕು: ಬೇರೆ ರಿಲೇ, ಡ್ಯಾಶ್‌ಬೋರ್ಡಿನಲ್ಲಿ ಸಣ್ಣ ಸ್ವಿಚ್

ಶಿರಾಡಿಯ ಘಟನೆ ಆದ ಮೇಲೆ ನಾನು ಹಾಕಿದ್ದು ಇದು. ಬೆಂಗಳೂರಿನ ಜೆ.ಸಿ. ರಸ್ತೆಯ ಯಾವ ಆಟೋ ಎಲೆಕ್ಟ್ರಿಕಲ್ ಅಂಗಡಿಯಲ್ಲಾದರೂ 12 ವೋಲ್ಟ್, 30 ಅಥವಾ 40 ಆಂಪಿಯರಿನ ನಾಲ್ಕು ಕಾಲಿನ ರಿಲೇ ಸಿಗುತ್ತದೆ. "ಹಾರ್ನ್ ರಿಲೇ" ಅಂತ ಕೇಳಿದರೂ ಕೊಡುತ್ತಾರೆ. ಮೈಮೇಲೆ ಬರೆದ ಆಂಪಿಯರ್ ನೋಡಿ ತೆಗೆದುಕೊಳ್ಳಿ. ಸಾಕೆಟ್ ಸಮೇತ ಕೇಳಿ. ಕಾಲುಗಳ ಮೇಲೆ 30, 87, 85, 86 ಎಂದು ಅಚ್ಚಾಗಿರುತ್ತದೆ. 30 ಮತ್ತು 87 ಫ್ಯಾನಿನ ಹೊರೆ ಹೊರುವ ಕಾಲುಗಳು, 85 ಮತ್ತು 86 ರಿಲೇಯನ್ನು ಎಬ್ಬಿಸುವ ಒಳಗಿನ ಕಾಯಿಲ್ಲಿನವು. ಕಾಯಿಲ್ ಎಳೆಯುವುದು ಸುಮಾರು 0.15 ಆಂಪಿಯರ್ ಮಾತ್ರ. ಡ್ಯಾಶ್‌ಬೋರ್ಡಿಗೆ ಬರಬೇಕಾದದ್ದು ಅಷ್ಟೇ ಕರೆಂಟು. ಸ್ವಿಚ್ ಬಿಸಿಯಾಗುವ ಕಥೆ ಅಲ್ಲಿಗೆ ಮುಗಿಯಿತು.

ವೈರು ಎಳೆಯುವ ಮೊದಲು ಇನ್ನೊಂದು ಪರೀಕ್ಷೆ. ಕೀ ಆನ್, ಫ್ಯಾನ್ ನಿಂತಿರಲಿ, ಕಪ್ಲರ್ ಬಿಚ್ಚಬೇಡಿ. ಮೋಟಾರಿನ ಎರಡೂ ವೈರುಗಳ ವೋಲ್ಟೇಜನ್ನು ಬಾಡಿಗೆ ಹೋಲಿಸಿ ನೋಡಿ. ಎರಡರಲ್ಲೂ ಸೊನ್ನೆ ಬಂದರೆ ಕಂಪನಿಯವರು ಮೇನ್ ಕಡೆ ಕಡಿದಿದ್ದಾರೆ, ಅಂದರೆ ಹಾಕಿ ತೆಗೆಯುವ ಕೊಂಡಿ ಪ್ಲಸ್ ವೈರಿನಲ್ಲಿದೆ. ಎರಡರಲ್ಲೂ 12 ಬಂದರೆ ಅರ್ಥ್ ಕಡೆ ಕಡಿದಿದ್ದಾರೆ. ಇದು ತಿಳಿಯದೆ ಮೋಟಾರಿಗೆ ಹೊಸ ಮೇನ್ ವೈರು ತಂದು ಕೊಟ್ಟು "ಫ್ಯಾನ್ ತಿರುಗ್ತಾನೇ ಇಲ್ಲ" ಅಂತ ಅರ್ಧ ದಿನ ಕಳೆದವರನ್ನು ನೋಡಿದ್ದೇನೆ.

ಮೇನ್ ಕಡೆ ಕಡಿದಿದ್ದರೆ: ಬ್ಯಾಟರಿ ಪ್ಲಸ್‌ನಿಂದ ಫ್ಯೂಸ್ ಮೂಲಕ 30ಕ್ಕೆ, 87ರಿಂದ ಮೋಟಾರಿನ ಪ್ಲಸ್ ವೈರಿಗೆ. ಅರ್ಥ್ ಕಡೆ ಕಡಿದಿದ್ದರೆ ಬ್ಯಾಟರಿಯಿಂದ ಏನೂ ತರಬೇಕಿಲ್ಲ: ಮೋಟಾರಿನ ಮೈನಸ್ ವೈರು 30ಕ್ಕೆ, 87ರಿಂದ ಶುಭ್ರವಾಗಿ ಉಜ್ಜಿದ ಬಾಡಿ ಬೋಲ್ಟಿಗೆ. ಎರಡರಲ್ಲೂ ಹಳೆಯ ವೈರು ಕತ್ತರಿಸದೆ ಅದರ ಜೊತೆಗೇ ಸೇರಿಸುವುದು. ಮೋಟಾರಿನ ಅದೇ ವೈರಿನಿಂದ ಎಸಿಯ ಎರಡನೇ ಫ್ಯಾನಿಗೋ ಬೇರೆ ಯಾವುದಕ್ಕೋ ಕವಲು ಹೋಗಿದೆಯೇ ನೋಡಿಕೊಳ್ಳಿ. ಹೋಗಿದ್ದರೆ ನಿಮ್ಮ ಸ್ವಿಚ್ಚು ಅದನ್ನೂ ಎಬ್ಬಿಸುತ್ತದೆ.

ಕಾಯಿಲ್ ಕಡೆ ನನಗೆ ಬಹಳ ಇಷ್ಟವಾದ ಒಂದು ಜಾಣತನವಿದೆ. 86ಕ್ಕೆ ಕೀ ಆನ್ ಆದಾಗ ಮಾತ್ರ ಬರುವ ಕರೆಂಟನ್ನು ಬಾನೆಟ್ಟಿನೊಳಗೇ ಕೊಡಿ, ಸಣ್ಣ ಫ್ಯೂಸ್ ಸಮೇತ. 85ರಿಂದ ಹೊರಟ ವೈರು ಮಾತ್ರ ಒಳಗೆ ಡ್ಯಾಶ್‌ಬೋರ್ಡಿನ ಸ್ವಿಚ್ಚಿಗೆ ಬರಲಿ, ಸ್ವಿಚ್ಚಿನ ಇನ್ನೊಂದು ಕಾಲು ಅಲ್ಲೇ ಬಾಡಿಗೆ. ಹೀಗೆ ಮಾಡಿದರೆ ಫೈರ್‌ವಾಲ್ (ಎಂಜಿನ್ನಿಗೂ ನಾವು ಕೂರುವ ಜಾಗಕ್ಕೂ ನಡುವಿನ ತಗಡು) ದಾಟುವ ವೈರು ಎಲ್ಲಾದರೂ ತಗಡಿಗೆ ಉಜ್ಜಿ ಸಿಪ್ಪೆ ಹರಿದರೂ ಶಾರ್ಟ್ ಆಗುವುದಿಲ್ಲ, ಹೊಗೆ ಬರುವುದಿಲ್ಲ. ಏನಾಗುತ್ತದೆ ಗೊತ್ತೇ? ಫ್ಯಾನ್ ತಿರುಗುತ್ತದೆ, ಅಷ್ಟೇ. ಕೆಡುವುದಾದರೆ ಹೀಗೆ ಕೆಡಬೇಕು. ರಿಲೇ ಒಳಗೆ ಡಯೋಡ್ ಇರುವ ಬಗೆಯದಾದರೆ 86ಕ್ಕೆ ಪ್ಲಸ್, 85ಕ್ಕೆ ಮೈನಸ್ ಎನ್ನುವುದನ್ನು ಅದಲುಬದಲು ಮಾಡಬೇಡಿ.

ಫ್ಯಾನಿನ ದಾರಿಗೆ 2.5 ಚದರ ಮಿಲಿಮೀಟರಿನ ಬಹು ಎಳೆಯ ಆಟೋ ವೈರು, ಸ್ವಿಚ್ಚಿಗೆ 0.75 ಸಾಕು. ಫ್ಯೂಸ್ 20 ಆಂಪಿಯರ್, ಹಳದಿ ಬಣ್ಣದ್ದು, ಬ್ಯಾಟರಿಯಿಂದ ಒಂದು ಗೇಣಿನೊಳಗೆ. ಫ್ಯೂಸ್ ಇರುವುದು ಫ್ಯಾನ್ ಕಾಯಲಿಕ್ಕಲ್ಲ, ವೈರು ಕಾಯಲಿಕ್ಕೆ. ಬ್ಯಾಟರಿಗೂ ಫ್ಯೂಸಿಗೂ ನಡುವಿನ ವೈರನ್ನು ಯಾರೂ ಕಾಯುತ್ತಿರುವುದಿಲ್ಲ. ಹಾಗಾಗಿ ಅದು ಗಿಡ್ಡವಿದ್ದಷ್ಟು ಒಳ್ಳೆಯದು. ಲಗ್ಗುಗಳನ್ನು (ವೈರಿನ ತುದಿಗೆ ಹಾಕುವ ಲೋಹದ ಕೊಂಡಿಗಳನ್ನು) ಹಲ್ಲಿನಿಂದಲೋ ಕಟಿಂಗ್ ಪ್ಲೇಯರಿನಿಂದಲೋ ಅಮುಕದೆ ಕ್ರಿಂಪಿಂಗ್ ಟೂಲಿನಿಂದ ಒತ್ತಿ. ರಿಲೇಯ ಕಾಲು ಕೆಳಮುಖವಾಗಿರಲಿ, ಮಳೆನೀರು ನಿಲ್ಲಬಾರದು. ಫೈರ್‌ವಾಲಿಗೆ ಹೊಸ ತೂತು ಕೊರೆಯುವ ಮೊದಲು ಇರುವ ರಬ್ಬರ್ ಗ್ರಾಮೆಟ್ ಹುಡುಕಿ.

ಐದು: ಮೂರು ಸ್ಥಾನದ ಸ್ವಿಚ್

ಆಟೋ, ಆಫ್, ಆನ್. ನೋಡಲು ಬಹಳ ಅಚ್ಚುಕಟ್ಟು, ಗೆಳೆಯರ ಮುಂದೆ ತೋರಿಸಲೂ ಚೆನ್ನ. ರಿಲೇ ಕಾಯಿಲ್ಲಿನ ಅರ್ಥ್ ತುದಿ ಸ್ವಿಚ್ಚಿನ ನಡುಗಾಲಿಗೆ, ಒಂದು ಪಕ್ಕ ಥರ್ಮೋ ಸ್ವಿಚ್ಚಿಗೆ, ಇನ್ನೊಂದು ಪಕ್ಕ ಬಾಡಿಗೆ. ನಡುವೆ ನಿಲ್ಲಿಸಿದರೆ ಫ್ಯಾನ್ ಸತ್ತ ಹಾಗೆ.

ಆ "ಆಫ್" ಯಾಕೆ ಬೇಕು ಎಂದು ಕೇಳಿದರೆ ನ್ಯಾಯವಾದ ಉತ್ತರ ಒಂದೇ: ನೀರು. ಮೊಣಕಾಲುದ್ದ ನೀರು ನಿಂತ ಅಂಡರ್‌ಪಾಸಿಗೆ ಫ್ಯಾನ್ ತಿರುಗುತ್ತಿರುವಾಗಲೇ ಇಳಿದರೆ ರೆಕ್ಕೆಗಳು ನೀರಿಗೆ ಹೊಡೆದು ಬಾಗಿ ರೇಡಿಯೇಟರಿಗೆ ತಾಗಬಹುದು, ಮೋಟಾರು ಜಾಮ್ ಆಗಬಹುದು. ಜೀಪು, ಜಿಪ್ಸಿ ಇಟ್ಟುಕೊಂಡು ಹೊಳೆ ದಾಟುವವರಿಗೆ ಇದು ಸರಿ. ಊರೊಳಗೆ ಓಡುವ ಕಾರಿಗೆ, ಆ ನೀರಿಗೆ ಇಳಿಯದಿರುವುದೇ ಅಗ್ಗ.

ಬೆಲೆ ಏನೆಂದರೆ, ಆಟೋಮ್ಯಾಟಿಕ್ಕಿನ ಉಸಿರೂ ಈಗ ಈ ಸ್ವಿಚ್ಚಿನ ಮೂಲಕವೇ ಹೋಗುತ್ತದೆ. ಸ್ವಿಚ್ಚಿನ ಒಂದು ಮೂತಿ ಸವೆದರೆ ಆಟೋನೂ ಇಲ್ಲ. ಕಾರು ತೊಳೆಯುವ ಹುಡುಗ ಬಟ್ಟೆ ಆಡಿಸುವಾಗ ಸ್ವಿಚ್ ನಡುವೆ ನಿಂತರೆ ನಿಮಗೆ ತಿಳಿಯುವುದು ಡ್ಯಾಶ್‌ಬೋರ್ಡಿನ ಹೀಟ್ ಮುಳ್ಳು ಕೆಂಪಿಗೆ ಬಂದಾಗಲೇ. ಒಂದೇ ಕಾರನ್ನು ಮನೆಯಲ್ಲಿ ಮೂವರು ಓಡಿಸುತ್ತೀರಾದರೆ ಇದರ ಸಹವಾಸ ಬೇಡ.

ಸ್ವಿಚ್ಚೇ ಬೇಡದ ದಾರಿ

ಡಿಗ್ರಿ ಹೊಂದಿಸುವ ತಿರುಗುಗುಂಡಿ ಇರುವ ಫ್ಯಾನ್ ಕಂಟ್ರೋಲರುಗಳು ಸಿಗುತ್ತವೆ. ಅದರ ಮೂತಿಯನ್ನು ರೇಡಿಯೇಟರ್ ಜಾಲರಿಗೋ ಹೋಸಿಗೋ ಸಿಕ್ಕಿಸುತ್ತಾರೆ. ಎಂಜಿನ್ ಬದಲಾಯಿಸಿದ ಕಾರು, ಬೆಲ್ಟ್ ಫ್ಯಾನ್ ತೆಗೆದು ಎಲೆಕ್ಟ್ರಿಕ್ ಹಾಕಿದ ಅಂಬಾಸಿಡರ್, ಇಂಥವಕ್ಕೆ ಇದು ಸರಿಯಾದ ಆಯ್ಕೆ. ಉಳಿದವರಿಗೆ, ಅದೇ ಚೂಡಿಯ (ತಿರುಪಿನ ಅಳತೆಯ), ಕಂಪನಿ ಹೇಳಿದ ಡಿಗ್ರಿಯ ಹೊಸ ಥರ್ಮೋ ಸ್ವಿಚ್ ಸಾಕು.

2000ದಿಂದೀಚಿನ ಕಾರುಗಳು

ಕಾರ್ಬ್ಯುರೇಟರ್ ಜಾಗಕ್ಕೆ ಪೆಟ್ರೋಲ್ ಚಿಮ್ಮಿಸುವ ಎಂಪಿಎಫ್‌ಐ ಬಂದ ಮೇಲೆ ಥರ್ಮೋ ಸ್ವಿಚ್ಚಿನ ಕೆಲಸ ಇಸಿಯು ಕೈಗೆ ಹೋಯಿತು. ಸೆನ್ಸರು ಉಷ್ಣತೆ ಹೇಳುತ್ತದೆ, ಇಸಿಯು ರಿಲೇ ಎಬ್ಬಿಸುತ್ತದೆ. ಈ ಕಾರುಗಳಲ್ಲಿ ಕೈಸ್ವಿಚ್ ಬೇಕೇ ಬೇಕೆಂದರೆ ನಾಲ್ಕನೇ ದಾರಿ ಮಾತ್ರ, ಅದೂ ಮೋಟಾರಿನ ಹತ್ತಿರವೇ ಜೋಡಿಸಿ. ಇಸಿಯು ವೈರಿಗೆ ಜಾಯಿಂಟ್ ಹಾಕಬೇಡಿ. ಇತ್ತೀಚಿನ ಕೆಲವು ಕಾರುಗಳಲ್ಲಿ ರಿಲೇಯೂ ಇಲ್ಲ, ಫ್ಯಾನಿನ ವೇಗವನ್ನೇ ಏರಿಸಿ ಇಳಿಸುವ ಮಾಡ್ಯೂಲ್ ಇರುತ್ತದೆ. ಅಲ್ಲಿ ಕೈಸ್ವಿಚ್ಚಿನ ಮಾತೇ ಇಲ್ಲ. ವಾರಂಟಿ ಇರುವ ಗಾಡಿಯಾದರೆ ವೈರಿಗೆ ಬ್ಲೇಡ್ ತಾಗಿಸಲೂ ಬೇಡಿ.

ಇವರಿಗೆ ಒಂದು ಸಮಾಧಾನವಿದೆ. ಬಹಳಷ್ಟು ಕಾರುಗಳಲ್ಲಿ ಎಸಿ ಹಾಕಿದರೆ ಮುಂದಿನ ಫ್ಯಾನ್ ತಾನಾಗಿ ತಿರುಗುತ್ತದೆ, ಅಂದರೆ ಎಸಿ ಗುಂಡಿಯೇ ನಿಮ್ಮ ಕೈಸ್ವಿಚ್ಚು. ಎಂಜಿನ್ ಹೀಟ್ ಆಗುತ್ತಿರುವಾಗ ಎಸಿ ಹಾಕಿ ಅಂದರೆ ವಿಚಿತ್ರ ಅನ್ನಿಸುತ್ತದೆ, ಎಸಿ ತಾನೂ ಎಂಜಿನ್ನಿಗೆ ಹೊರೆಯೇ. ಆದರೆ ಸೆನ್ಸರೋ ಥರ್ಮೋ ಸ್ವಿಚ್ಚೋ ಕೈಕೊಟ್ಟು ಫ್ಯಾನ್ ನಿಂತಿದ್ದರೆ ಲಾಭವೇ ಹೆಚ್ಚು. ಫ್ಯಾನ್ ತಿರುಗಿತೋ ಇಲ್ಲವೋ ಎಂದು ಇಳಿದು ನೋಡಿ. ತಿರುಗದಿದ್ದರೆ ತಕ್ಷಣ ಎಸಿ ತೆಗೆಯಿರಿ. ಹಳೇ 800ರಲ್ಲಿ ಎಸಿ ಇಲ್ಲದಿದ್ದರೂ ಹೀಟರ್ ಇದ್ದರೆ ಪೂರ್ತಿ ಬಿಸಿಗೆ ಎಳೆದು ಬ್ಲೋವರ್ ಹಾಕಿ, ಗಾಜು ಇಳಿಸಿ. ಒಳಗೆ ಕೂತವರು ಬೆಂದು ಹೋಗುತ್ತಾರೆ, ಎಂಜಿನ್ ಉಳಿಯುತ್ತದೆ. ರೇಡಿಯೇಟರ್ ಮುಚ್ಚಳ ಮಾತ್ರ ಆಗ ಮುಟ್ಟಬೇಡಿ. 0.9 ಬಾರ್ ಮುಚ್ಚಳದ ಒತ್ತಡದಲ್ಲಿ ಬರೀ ನೀರು ಕೂಡ ಕುದಿಯುವುದು 118 ಡಿಗ್ರಿಯ ಹತ್ತಿರ. ಮುಚ್ಚಳ ತೆಗೆದ ಕ್ಷಣ ಅಷ್ಟೂ ಬಿಸಿನೀರು ಒಟ್ಟಿಗೆ ಕುದಿದು ಮುಖಕ್ಕೆ ಬರುತ್ತದೆ.

ದೀಪ, ಜಾಗ, ಪರೀಕ್ಷೆ

ಅಂಗಡಿಯವನು ದೀಪ ಇರುವ ಸ್ವಿಚ್ ಕೊಡುತ್ತಾನೆ. ಸ್ವಿಚ್ ಒತ್ತಿದರೆ ಅದು ಉರಿಯುತ್ತದೆ, ಫ್ಯೂಸ್ ಹೋಗಿ ಫ್ಯಾನ್ ನಿಂತಿದ್ದರೂ ಉರಿಯುತ್ತದೆ. ಅದರಿಂದ ಏನು ಬಂತು? ನಾನು ಬೇರೆ ಹಸಿರು ಎಲ್‌ಇಡಿಯೊಂದನ್ನು ಮೋಟಾರಿನ ಎರಡು ವೈರುಗಳ ನಡುವೆ ಹಾಕಿದ್ದೇನೆ, ಮೋಟಾರಿನ ಬುಡದಲ್ಲೇ 1 ಕಿಲೋ ಓಮ್ ರೆಸಿಸ್ಟರ್ ಇಟ್ಟು. ಸಪೂರ ವೈರು ದಾರಿಯಲ್ಲಿ ಎಲ್ಲಿ ಹರಿದರೂ ರೆಸಿಸ್ಟರ್ ಕರೆಂಟನ್ನು ತಡೆಯುತ್ತದೆ. ನಾನು ಸ್ವಿಚ್ ಹಾಕಿದರೂ, ಥರ್ಮೋ ಸ್ವಿಚ್ ತಾನಾಗಿ ಹಿಡಿದರೂ ದೀಪ ಉರಿಯುತ್ತದೆ. ಟ್ರಾಫಿಕ್ಕಿನಲ್ಲಿ ನಿಂತಾಗ ಅದು ಹತ್ತಿ ಆರುವುದನ್ನು ನೋಡುವುದು ಈಗ ಅಭ್ಯಾಸವಾಗಿ, ಕೈಸ್ವಿಚ್ ಮುಟ್ಟಿ ಎಷ್ಟೋ ತಿಂಗಳಾಗಿದೆ. ಅಪ್ಪ ಅದನ್ನು "ಥರ್ಮಾಮೀಟರ್" ಅಂತಲೇ ಕರೆಯುತ್ತಾರೆ.

ಸ್ವಿಚ್ಚನ್ನು ಮೊಣಕಾಲು ತಾಗದ, ಆದರೆ ತಡಕಾಡದೆ ಕೈಗೆ ಸಿಗುವ ಕಡೆ ಇಡಿ. ಮಂಜು ದೀಪದ ಸ್ವಿಚ್ಚಿನ ಪಕ್ಕದಲ್ಲಿ ಒಂದೇ ರೂಪದ್ದು ಬೇಡ.

ಕೆಲಸ ಮುಗಿದ ಮೇಲೆ ಸ್ವಿಚ್ ಹಾಕಿ ಫ್ಯಾನ್ ತಿರುಗಿಸಿ "ಆಯ್ತು ಸಾರ್" ಎಂದು ಬಾನೆಟ್ ಮುಚ್ಚುವವರೇ ಹೆಚ್ಚು. ಮುಚ್ಚಿಸಬೇಡಿ. ಕೈಸ್ವಿಚ್ ಆಫ್ ಮಾಡಿ, ಕಾರು ನೆರಳಿಗೆ ನಿಲ್ಲಿಸಿ ಐಡ್ಲಿಂಗಿನಲ್ಲಿ ಬಿಡಿ. ಬಿಸಿಲಿಗೆ ತಕ್ಕಂತೆ ಹತ್ತೋ ಇಪ್ಪತ್ತೋ ನಿಮಿಷ ಹಿಡಿಯುತ್ತದೆ. ಅಷ್ಟರಲ್ಲಿ ಒಂದು ಟೀ ತರಿಸಿಕೊಳ್ಳಿ, ಕಣ್ಣು ಮಾತ್ರ ಮುಳ್ಳಿನ ಮೇಲಿರಲಿ. ಮುಳ್ಳು ನಡು ದಾಟುವ ಮೊದಲು ಫ್ಯಾನ್ ತಾನಾಗಿ ಹಿಡಿಯಬೇಕು, ತಾನಾಗಿ ಬಿಡಬೇಕು, ಮತ್ತೊಮ್ಮೆ ಹಿಡಿಯಬೇಕು. ಎರಡನೇ ಸಲವೂ ಬಿಟ್ಟ ಮೇಲೆ ಗ್ಯಾರೇಜಿನವನಿಗೆ ದುಡ್ಡು ಕೊಡಿ.